ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್: ಓದು, ಪೋಸ್ಟಿಂಗ್, ರೆಕಾರ್ಡು ಮೂರನ್ನೂ ಹೇಗೆ ಹೊಂದಿಸಿಕೊಳ್ಳುವುದು?

ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ (ಹಾವೇರಿ ಜಿಲ್ಲೆ, ಈಗ ಬೆಂಗಳೂರಿನ ಹಾಸ್ಟೆಲ್)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಸೇರಿ ಏಳು ವಾರಗಳಾದವು. ಹತ್ತನೇ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಎರಡು ವರ್ಷದಲ್ಲಿ ಇಂಗ್ಲಿಷಿಗೆ ಒಗ್ಗಿಕೊಂಡೆ ಎಂದು ನಂಬಿದ್ದೆ. ಇಲ್ಲಿಗೆ ಬಂದ ಮೇಲೆ ಒಂದೇ ಪುಟದಲ್ಲಿ ಇಪ್ಪತ್ತು ಹೊಸ ಪದಗಳು ಎದುರಾದಾಗ ಆ ನಂಬಿಕೆ ಉಳಿಯಲಿಲ್ಲ.

ನನ್ನ ದಿನ ಹೀಗಿರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು, ಸ್ನಾನಕ್ಕೆ ಸಾಲಿನಲ್ಲಿ ನಿಂತು, ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು ಏಳೂವರೆಗೆ ವಾರ್ಡಿನಲ್ಲಿರಬೇಕು. ಈ ಪೋಸ್ಟಿಂಗ್, ಅಂದರೆ ವಾರ್ಡಿನ ತರಬೇತಿ, ಮುಗಿಸಿ ಊಟ ಮಾಡಿದರೆ ಮತ್ತೆ ಸಂಜೆ ಐದರವರೆಗೆ ತರಗತಿ. ರಾತ್ರಿ ಹನ್ನೊಂದರವರೆಗೆ ನೋಡಿಕೊಂಡ ರೋಗಿಯ ವಿವರಗಳ ರೆಕಾರ್ಡು ಬರೆಯುವುದರಲ್ಲಿಯೇ ಹೋಗುತ್ತದೆ. ಅನಾಟಮಿ (ದೇಹರಚನೆ) ಪುಸ್ತಕ ತೆರೆಯುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ. ಕಳೆದ ವಾರದ ಅನಾಟಮಿ ಟೆಸ್ಟಿನಲ್ಲಿ 25ಕ್ಕೆ 9 ಬಂದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಎರಡನೆಯವಳಾಗಿ ಬಂದ ನನಗೆ ಆ ಕಾಗದವನ್ನು ಅಪ್ಪನಿಗೆ ಹೇಗೆ ತೋರಿಸಬೇಕೆಂದು ತಿಳಿಯಲಿಲ್ಲ. ಈ ಕೆಲಸ ನನಗೆ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದಿನದ ಗಂಟೆಗಳೇ ಸಾಲುತ್ತಿಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ: ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಸ್ವಲ್ಪ ಬಿಡಬಹುದು?

ಎರಡನೇ ವರ್ಷ, ತುಮಕೂರು

ತಂಗಿ, ಮೊದಲ ಎರಡು ತಿಂಗಳು ನಾನೂ ಹಾಸ್ಟೆಲ್ಲಿನ ತಾರಸಿಗೆ ಹೋಗಿ ಅತ್ತಿದ್ದೇನೆ. ನನ್ನ ಸಲಹೆ ಇಷ್ಟೇ. ರೆಕಾರ್ಡಿಗೆ ಸೀನಿಯರ್‌ಗಳ ಹಳೆಯ ರೆಕಾರ್ಡು ತೆಗೆದುಕೊಂಡು ನೋಡಿ ಬರೆದುಬಿಡಿ, ಆಗ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ. ಆ ಎರಡು ಗಂಟೆಯಲ್ಲಿ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಮೊದಲು ಓದಿಕೊಳ್ಳಿ. ಸೋಷಿಯಾಲಜಿಯನ್ನು ಪರೀಕ್ಷೆಯ ಹಿಂದಿನ ರಜೆಯಲ್ಲಿ ಓದಿದರೂ ಸಾಕಾಗುತ್ತದೆ.

ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ಮೈಸೂರು

ನಾನು ಹನ್ನೊಂದು ವರ್ಷಗಳಿಂದ ಮೊದಲ ವರ್ಷದ ಮಕ್ಕಳನ್ನು ವಾರ್ಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೇಲಿನ ಪತ್ರದಲ್ಲಿರುವ ದಿನಚರಿಯನ್ನು ಪ್ರತಿವರ್ಷ ಕೇಳುತ್ತೇನೆ, ಪ್ರತಿವರ್ಷವೂ ಅದು ನಿಜವೇ ಆಗಿರುತ್ತದೆ. ಆದ್ದರಿಂದ ಮೊದಲು ಲೆಕ್ಕವನ್ನು ಸರಿಯಾಗಿ ನೋಡೋಣ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಿಂದ ಜಾರಿಗೆ ತಂದ ಸೆಮಿಸ್ಟರ್ ಪಠ್ಯಕ್ರಮದಂತೆ ಮೊದಲ ಸೆಮಿಸ್ಟರ್‌ನ 20 ವಾರಗಳಲ್ಲಿ 400 ಗಂಟೆ ತರಗತಿ, 80 ಗಂಟೆ ಲ್ಯಾಬ್ ಮತ್ತು 160 ಗಂಟೆ ಕ್ಲಿನಿಕಲ್, ಅಂದರೆ ಆಸ್ಪತ್ರೆಯ ತರಬೇತಿ, ಇರುತ್ತದೆ. ಅನಾಟಮಿ, ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ), ಸೋಷಿಯಾಲಜಿ, ಸೈಕಾಲಜಿಗಳಿಗೆ ತಲಾ 60 ಗಂಟೆಯಾದರೆ ಶುಶ್ರೂಷೆಯ ಮೂಲಪಾಠವಾದ ನರ್ಸಿಂಗ್ ಫೌಂಡೇಶನ್ ಒಂದಕ್ಕೇ 120 ಗಂಟೆಯ ಪಾಠವಿದೆ. ಅಂದರೆ ಮಕ್ಕಳು ಎಲ್ಲಕ್ಕಿಂತ ಹಗುರವೆಂದು ತಿಳಿಯುವ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಮೀಸಲಾಗಿದೆ. ಫೌಂಡೇಶನ್‌ನ ಮೊದಲ ಭಾಗಕ್ಕೆ ಕಾಲೇಜಿನ ಮಟ್ಟದಲ್ಲಿ ಪರೀಕ್ಷೆ ನಡೆಯುವುದರಿಂದ ಅದನ್ನು ಕಡೆಗಣಿಸುವವರಿದ್ದಾರೆ. ಆದರೆ ಆ ಅಂಕಗಳು ಎರಡನೇ ಸೆಮಿಸ್ಟರ್‌ನ ಫೌಂಡೇಶನ್ ಆಂತರಿಕ ಅಂಕಗಳಿಗೆ ಸೇರುತ್ತವೆ ಎಂಬುದು ಅವರಿಗೆ ತಡವಾಗಿ ಗೊತ್ತಾಗುತ್ತದೆ. ಅನಾಟಮಿ ಮತ್ತು ಫಿಸಿಯಾಲಜಿ ಒಂದೇ ಪತ್ರಿಕೆಯಲ್ಲಿ 37 ಮತ್ತು 38 ಅಂಕಗಳಾಗಿ ಬರುತ್ತವೆ, ಸೋಷಿಯಾಲಜಿ ಮತ್ತು ಸೈಕಾಲಜಿಯೂ ಹಾಗೆಯೇ. ಹೀಗಿರುವಾಗ ಜೋಡಿಯಲ್ಲಿ ಒಂದನ್ನು ಕೊನೆಯ ವಾರಕ್ಕೆ ದೂಡಿದರೆ ಇನ್ನೊಂದರ ಮೇಲೆ ಎಲ್ಲ ಭಾರವೂ ಬೀಳುತ್ತದೆ.

ರೆಕಾರ್ಡು ನೋಡಿ ಬರೆಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಮ್ಮೆ ನನ್ನ ಕೈಗೆ ಬಂದ ಕೇಸ್ ರೆಕಾರ್ಡಿನಲ್ಲಿ ಜ್ವರದಿಂದ ದಾಖಲಾದ ರೋಗಿಯ ಉಷ್ಣಾಂಶ ಐದು ದಿನವೂ 98.6 ಎಂದೇ ಇತ್ತು. ಆ ಹುಡುಗಿ ಸೋಮಾರಿಯಾಗಿರಲಿಲ್ಲ. ಹಿಂದಿನ ಬ್ಯಾಚಿನ ರೆಕಾರ್ಡಿನಿಂದ ಮುತ್ತಿನಂಥ ಅಕ್ಷರದಲ್ಲಿ ರಾತ್ರಿಯಿಡೀ ಇಳಿಸಿಕೊಂಡಿದ್ದಳು. ಅಷ್ಟು ಹೊತ್ತು ಎಚ್ಚರವಿದ್ದು ಅವಳು ಕಲಿತದ್ದು ಏನೂ ಇರಲಿಲ್ಲ. ನೋಡದೆ ಬರೆಯುವ ಕೈ ಮುಂದೆ ನಿಜವಾದ ಚಾರ್ಟಿನ ಮೇಲೂ ಹಾಗೆಯೇ ಬರೆದೀತು ಎಂಬ ಭಯದಿಂದಲೇ ನಾನು ಅಂದು ಅವಳ ಪಕ್ಕದಲ್ಲಿ ಕುಳಿತು ಮೊದಲ ಪುಟದಿಂದ ಬರೆಸಿದೆ.

ಓದು, ಪೋಸ್ಟಿಂಗ್, ರೆಕಾರ್ಡು ಮೂರು ಬೇರೆ ಬೇರೆ ಹೊರೆಗಳೆಂದು ಹೊರಟರೆ ದಿನದ ಗಂಟೆಗಳು ಯಾರಿಗೂ ಸಾಲುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಬೆಳಿಗ್ಗೆ ನಿಮಗೆ ವಹಿಸಿಕೊಟ್ಟ ರೋಗಿ, "ಮಲಗಿದರೆ ಉಸಿರು ಕಟ್ಟುತ್ತದೆ ಸಿಸ್ಟರ್, ದಿಂಬಿಗೆ ಒರಗಿ ಕೂತರೆ ವಾಸಿ" ಎನ್ನುತ್ತಾರೆ. ಆ ಮಾತನ್ನು ಅವರು ಹೇಳಿದಂತೆಯೇ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳಿ. ಫೌಂಡೇಶನ್ ಪಾಠದಲ್ಲಿ ಇದರ ಹೆಸರು ಆರ್ಥೋಪ್ನಿಯಾ, ನೀವು ಅವರನ್ನು ಕೂರಿಸಿದ ಭಂಗಿಯ ಹೆಸರು ಫೌಲರ್ಸ್ ಪೊಸಿಷನ್. ಸಂಜೆ ಫಿಸಿಯಾಲಜಿ ಪುಸ್ತಕದಲ್ಲಿ ಹೃದಯದ ಎಡಭಾಗ ಸೋತಾಗ ಏನಾಗುತ್ತದೆ ಎಂಬುದನ್ನು ಮಾತ್ರ ಹುಡುಕಿ. ಮಲಗಿದಾಗ ಕಾಲುಗಳಲ್ಲಿದ್ದ ರಕ್ತ ಎದೆಯ ಕಡೆಗೆ ಹೆಚ್ಚಾಗಿ ಮರಳುತ್ತದೆ. ಸೋತ ಹೃದಯಕ್ಕೆ ಅದನ್ನು ಮುಂದಕ್ಕೆ ತಳ್ಳಲಾಗದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಅನಾಟಮಿಯಲ್ಲಿ ಹೃದಯದ ನಾಲ್ಕು ಕೋಣೆಗಳನ್ನೂ ಶ್ವಾಸಕೋಶಕ್ಕೆ ಹೋಗಿ ಬರುವ ರಕ್ತನಾಳಗಳನ್ನೂ ಒಮ್ಮೆ ಪುಸ್ತಕ ನೋಡದೆ ಬರೆಯಿರಿ. ಈಗ ರೆಕಾರ್ಡಿಗೆ ಬೇಕಾದದ್ದೆಲ್ಲ ನಿಮ್ಮ ಕೈಯಲ್ಲಿದೆ: ರೋಗಿ ಏನೆಂದರು, ನೀವು ಏನು ಕಂಡಿರಿ, ಏನು ಮಾಡಿದಿರಿ, ಏಕೆ ಮಾಡಿದಿರಿ, ಆಮೇಲೆ ಅವರಿಗೆ ಹೇಗಾಯಿತು. ಇದನ್ನು ಮಧ್ಯಾಹ್ನ ಊಟವಾದ ತಕ್ಷಣ ಅರ್ಧ ಗಂಟೆಯಲ್ಲಿ ಹಸಿಯಾಗಿ ಬರೆದಿಟ್ಟರೆ ರಾತ್ರಿ ನೀಟಾಗಿ ಇಳಿಸುವುದಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.

ಬಿಡಬಹುದಾದದ್ದು ಯಾವುದು ಎಂದು ಕೇಳಿದ್ದೀರಿ. ಬಣ್ಣದ ಪೆನ್ಸಿಲ್ಲಿನ ಅಲಂಕಾರ, ಒಂದೇ ಪಾಠಕ್ಕೆ ಮೂರು ಪುಸ್ತಕಗಳಿಂದ ನೋಟ್ಸ್ ಮಾಡುವುದು, ಯಾರೋ ಕಳುಹಿಸಿದ ನೂರಾರು ಪುಟಗಳ ಪಿಡಿಎಫ್‌ಗಳನ್ನು ಫೋನಿನಲ್ಲಿ ತುಂಬಿಕೊಳ್ಳುವುದು, ಇವನ್ನು ಧಾರಾಳವಾಗಿ ಬಿಡಿ. ನಿದ್ದೆಯನ್ನು ಮಾತ್ರ ಬಿಡಬೇಡಿ.

ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ

ಮೇಡಂ, ಇಷ್ಟು ಬಿಡುವು ಮಾಡಿಕೊಂಡು ಬರೆದಿದ್ದಕ್ಕೆ ತುಂಬಾ ಧನ್ಯವಾದಗಳು. ಇನ್ನೊಂದು ಭಯವನ್ನು ಇಲ್ಲಿಯೇ ಹೇಳಿಕೊಳ್ಳುತ್ತೇನೆ. ಬಿಪಿ ನೋಡುವಾಗ ನನಗೆ ಶಬ್ದವೇ ಕೇಳಿಸುವುದಿಲ್ಲ. ಪಕ್ಕದಲ್ಲಿರುವ ಗೆಳತಿ 130/80 ಎಂದರೆ ನಾನೂ ತಲೆಯಾಡಿಸುತ್ತೇನೆ. ನನ್ನ ಕಿವಿಯಲ್ಲೇ ದೋಷವಿದೆಯೇನೋ ಎಂದು ರಾತ್ರಿ ಯೋಚನೆ ಹತ್ತುತ್ತದೆ. ಅದರ ಮೇಲೆ ಓದಲು ಕುಳಿತರೂ ಮನಸ್ಸು ನಿಲ್ಲುವುದಿಲ್ಲ.

ನಿವೃತ್ತ ಶುಶ್ರೂಷಾಧಿಕಾರಿ, ಶಿವಮೊಗ್ಗ

ಮಗಳೇ, ಕಿವಿಗೆ ಏನೂ ಆಗಿಲ್ಲ. ಮೊದಲು ನಿನ್ನ ಸ್ಟೆತಾಸ್ಕೋಪನ್ನು ಕೈಯಲ್ಲಿ ಹಿಡಿದು ನೋಡು. ಕಿವಿಗೆ ಹಾಕುವ ತುದಿಗಳು ನೇರವಾಗಿಲ್ಲ, ಒಂದು ಕಡೆಗೆ ಸ್ವಲ್ಪ ಓರೆಯಾಗಿರುತ್ತವೆ. ಆ ಓರೆ ಮೂಗಿನ ಕಡೆಗೆ, ಅಂದರೆ ಮುಂದಕ್ಕೆ ಇರಬೇಕು. ಹಿಂದು ಮುಂದಾಗಿ ಹಾಕಿಕೊಂಡರೆ ತುದಿ ಕಿವಿಯ ಗೋಡೆಗೆ ಒತ್ತಿ ಶಬ್ದ ಒಳಗೆ ಹೋಗುವುದೇ ಇಲ್ಲ. ನಾನು ಹೊಸದಾಗಿ ಸೇರಿದವರಲ್ಲಿ ಎಷ್ಟೋ ಜನರಿಗೆ ಇದೊಂದನ್ನು ತಿರುಗಿಸಿ ಕೊಟ್ಟು, ಅವರ ಮುಖ ಅರಳುವುದನ್ನು ನೋಡಿದ್ದೇನೆ.

ಇನ್ನು ಕೈಯ ಕ್ರಮ. ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸು, ತೋಳು ಎದೆಯ ಮಟ್ಟದಲ್ಲಿ ಆಧಾರದ ಮೇಲಿರಲಿ. ತೋಳಿಗೆ ಸುತ್ತುವ ಪಟ್ಟಿಯ ಕೆಳಅಂಚು ಮೊಣಕೈಯ ಮಡಿಕೆಗಿಂತ ಎರಡು ಬೆರಳು ಮೇಲಿರಬೇಕು. ಸ್ಟೆತಾಸ್ಕೋಪ್ ಇಡುವ ಮೊದಲು ಮಣಿಕಟ್ಟಿನ ನಾಡಿ ಹಿಡಿದುಕೊಂಡು ಗಾಳಿ ತುಂಬು. ನಾಡಿ ಎಲ್ಲಿ ನಿಂತಿತೋ ನೆನಪಿಟ್ಟುಕೊಂಡು ಗಾಳಿ ಬಿಡು. ಸ್ವಲ್ಪ ಹೊತ್ತು ತಡೆದು, ಮೊಣಕೈಯ ಒಳಬದಿಯಲ್ಲಿ ಬ್ರೇಕಿಯಲ್ ನಾಡಿ ಬಡಿಯುವ ಜಾಗವನ್ನು ಬೆರಳಿನಿಂದ ಹುಡುಕಿ ಅಲ್ಲಿಯೇ ಸ್ಟೆತಾಸ್ಕೋಪ್ ಇಟ್ಟು, ಮೊದಲಿನ ಅಂಕಿಗಿಂತ 30 ಹೆಚ್ಚಿಗೆ ತುಂಬು. ಆಮೇಲೆ ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ನಿಧಾನವಾಗಿ ಇಳಿಸು. ಮೊದಲು ಕೇಳುವ ಟಕ್ ಎಂಬ ಸಪ್ಪಳ ಮೇಲಿನ ಅಂಕಿ, ಸಪ್ಪಳ ಪೂರಾ ಅಡಗಿದ ಜಾಗ ಕೆಳಗಿನ ಅಂಕಿ. ಹೊಸಬರು ಭಯದಲ್ಲಿ ಗಾಳಿ ಬಿಡುವ ಗುಂಡಿಯನ್ನು ಪೂರ್ತಿ ಸಡಿಲಿಸಿಬಿಡುತ್ತಾರೆ, ಪಾದರಸ ಸರ್ರನೆ ಇಳಿದುಹೋಗುತ್ತದೆ. ಈ ಸಪ್ಪಳವನ್ನು 1905ರಲ್ಲಿ ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕಾಫ್ ಮೊದಲು ವಿವರಿಸಿದರು, ಅವರ ಹೆಸರಿನಿಂದಲೇ ನಿಮ್ಮ ಪುಸ್ತಕದಲ್ಲಿಯೂ ಇದೆ.

ಹಾಸ್ಟೆಲ್ಲಿನಲ್ಲಿ ರಾತ್ರಿ ಊಟವಾದ ಮೇಲೆ ದಿನಕ್ಕೆ ಐದು ಜನರ ತೋಳು ಹಿಡಿ. ಒಂದು ವಾರದಲ್ಲಿ ಈ ಚಿಂತೆ ಹೋಗುತ್ತದೆ. ಆದರೆ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ, ಬೇಸರಿಸಬೇಡ. ಕೇಳಿಸದಿದ್ದಾಗ ತಲೆಯಾಡಿಸಬಾರದು. "ಸಿಸ್ಟರ್, ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ತೋರಿಸಿ" ಎನ್ನಬೇಕು. ಮೊದಲ ವರ್ಷದಲ್ಲಿ ಹಾಗೆ ಕೇಳಿದವಳ ಮೇಲೆ ಕೆಲವರು ಗದರಬಹುದು. ನಾನೂ ಕೆಲಸದ ಒತ್ತಡದಲ್ಲಿ ಗದರಿದ್ದೇನೆ, ಅದಕ್ಕೆ ಇಂದಿಗೂ ನನಗೆ ಬೇಸರವಿದೆ. ಆದರೂ ಕೇಳಿದವಳ ಕೈಗೇ ನಾವು ರೋಗಿಯನ್ನು ನಿಶ್ಚಿಂತೆಯಿಂದ ಒಪ್ಪಿಸುತ್ತಿದ್ದೆವು.

ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿ, ಕಲಬುರಗಿ

ನಾನೂ ಕನ್ನಡ ಮಾಧ್ಯಮದಿಂದ ಬಂದವನು, ಆದ್ದರಿಂದ ಪದಗಳ ಬಗ್ಗೆ ಮಾತ್ರ ಹೇಳುತ್ತೇನೆ. ಪದಗಳನ್ನು ಇಡಿಯಾಗಿ ಉರು ಹೊಡೆಯುವುದನ್ನು ನಿಲ್ಲಿಸಿ, ನಾವು ಶಾಲೆಯಲ್ಲಿ ಸಂಧಿ ಬಿಡಿಸುತ್ತಿದ್ದೆವಲ್ಲ, ಹಾಗೆ ಬಿಡಿಸಿ ನೋಡಿ. 'ಟ್ಯಾಕಿ' ಎಂದರೆ ವೇಗ, 'ಬ್ರಾಡಿ' ಎಂದರೆ ನಿಧಾನ, 'ಕಾರ್ಡಿಯಾ' ಹೃದಯಕ್ಕೆ ಸಂಬಂಧಿಸಿದ್ದು, 'ಪ್ನಿಯಾ' ಉಸಿರಾಟ, 'ಐಟಿಸ್' ಉರಿಯೂತ, 'ಎಕ್ಟಮಿ' ಕತ್ತರಿಸಿ ತೆಗೆಯುವುದು. ಮೇಡಂ ಹೇಳಿದ ಆರ್ಥೋಪ್ನಿಯಾದಲ್ಲಿ 'ಆರ್ಥೋ' ಎಂದರೆ ನೆಟ್ಟಗೆ: ನೆಟ್ಟಗೆ ಕುಳಿತರೆ ಮಾತ್ರ ಸರಾಗವಾಗುವ ಉಸಿರು. ಇಂಥ ಐವತ್ತು ತುಂಡುಗಳನ್ನು ಒಂದು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಕನ್ನಡ ಅರ್ಥದೊಂದಿಗೆ ಬರೆದುಕೊಂಡ ಮೇಲೆ ನನಗೆ ಪುಸ್ತಕದ ಭಾಷೆ ತಾನಾಗಿ ಬಿಚ್ಚಿಕೊಳ್ಳತೊಡಗಿತು. ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳುವುದಕ್ಕೆ ನಾಚಿಕೆ ಬೇಡ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆದರೂ ತಿಳಿವಳಿಕೆ ಯಾವ ಭಾಷೆಯಲ್ಲಿ ಬಂದರೂ ಅದು ತಿಳಿವಳಿಕೆಯೇ.

ನೆನಪಿಗೆ ಇನ್ನೊಂದು. ನಿಮ್ಮ ಸೈಕಾಲಜಿಯಲ್ಲಿಯೇ ಮರೆವಿನ ಪಾಠ ಬರುತ್ತದೆ. ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚಿನದು ಜಾರಿಹೋಗುತ್ತದೆ ಎಂಬುದು ಅದರಿಂದ ಗೊತ್ತಾಯಿತು. ನಾನು ಆ ಪಾಠವನ್ನು ಓದಿ ಮುಗಿಸಿದ ಮೇಲೆ ಅದನ್ನೇ ಅನಾಟಮಿಗೆ ಹಚ್ಚಿದೆ. ಮಣಿಕಟ್ಟಿನ ಎಂಟು ಮೂಳೆಗಳನ್ನು ತರಗತಿಯಾದ ದಿನವೇ ಒಮ್ಮೆ, ಮಾರನೆಯ ದಿನ ಒಮ್ಮೆ, ಒಂದು ವಾರ ಬಿಟ್ಟು ಒಮ್ಮೆ ಪುಸ್ತಕ ಮುಚ್ಚಿ ಬರೆದೆ. ಪ್ರತಿ ಸಲಕ್ಕೆ ಐದೇ ನಿಮಿಷ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ಕ್ರೇನಿಯಲ್ ನರಗಳೂ ಹಾಗೆಯೇ ಬಂದವು. ತೆರೆದ ಪುಸ್ತಕವನ್ನು ಎರಡು ಗಂಟೆ ನೋಡುತ್ತ ಕೂರುವುದಕ್ಕಿಂತ ಮುಚ್ಚಿದ ಪುಸ್ತಕದ ಮುಂದೆ ಹತ್ತು ನಿಮಿಷ ಒದ್ದಾಡಿದರೆ ಹೆಚ್ಚು ಉಳಿಯುತ್ತದೆ.

ನನ್ನ ರೂಮಿನಲ್ಲಿ ಇಬ್ಬರು ಕೇರಳದವರಿದ್ದರು. ಅವರು ನನ್ನ ಇಂಗ್ಲಿಷ್ ಉತ್ತರಗಳನ್ನು ತಿದ್ದುತ್ತಿದ್ದರು, ನಾನು ಅವರಿಗೆ ರೋಗಿಗಳ ಜೊತೆ ಮಾತನಾಡುವ ಕನ್ನಡ ಕಲಿಸುತ್ತಿದ್ದೆ. ನಮ್ಮ ಭಾಗದಲ್ಲಿ ಅಜ್ಜಿಯೊಬ್ಬರು "ಹೊಟ್ಟಿ ಕಡೀತೈತಿ" ಎಂದರೆ ಹೊಟ್ಟೆ ನೋಯುತ್ತಿದೆ ಎಂದರ್ಥ. ಅದನ್ನು ತುರಿಕೆ ಎಂದು ಬರೆದುಕೊಂಡವರನ್ನು ಕಂಡಿದ್ದೇನೆ. ಹಾವೇರಿಯ ತಂಗಿ, ಆ ಮಾತು ನಿಮಗೆ ಹುಟ್ಟಿನಿಂದ ಬಂದಿದೆ. ತರಗತಿಯಲ್ಲಿ ಹಿಂದೆ ಬಿದ್ದಂತೆ ಅನ್ನಿಸಿದ ದಿನ ಇದನ್ನು ನೆನಪಿಸಿಕೊಳ್ಳಿ.

ತಂದೆ, ಚಿತ್ರದುರ್ಗ ಜಿಲ್ಲೆ

ನನ್ನ ಮಗಳೂ ಇದೇ ವರ್ಷ ನರ್ಸಿಂಗ್ ಸೇರಿದ್ದಾಳೆ. ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಿ ಅಪ್ಪ" ಎಂದು ಇಟ್ಟುಬಿಡುತ್ತಾಳೆ, ಹೋದ ಭಾನುವಾರ ಮಾತೇ ಆಡದೆ ಅತ್ತಳು. ನಾವು ಹೊಲದ ಕೆಲಸ ಮಾಡುವವರು, ಅವಳ ಓದಿನ ವಿಷಯ ನಮಗೆ ತಿಳಿಯದು. ಸಾಲ ಮಾಡಿ ಫೀಸು ಕಟ್ಟಿದ್ದೇವೆಂಬ ಚಿಂತೆ ಅವಳಿಗಿದೆ. ಕರೆದುಕೊಂಡು ಬರಬೇಕೇ, ಧೈರ್ಯ ಹೇಳಬೇಕೇ ಎಂದು ಬಲ್ಲವರು ತಿಳಿಸಿ.

ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ಮೈಸೂರು

ಯಜಮಾನರೇ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲ ಮೂರು ತಿಂಗಳ ಅಳು ಬಹುತೇಕ ಮಕ್ಕಳಿಗೆ ಬರುತ್ತದೆ. ಮನೆ ಬಿಟ್ಟ ನೋವು, ಮೊದಲ ಸಲ ಗಾಯವನ್ನೋ ಸಾವನ್ನೋ ಹತ್ತಿರದಿಂದ ಕಂಡ ಆಘಾತ, ಕಡಿಮೆ ಅಂಕ, ಎಲ್ಲವೂ ಒಂದೇ ಸಲಕ್ಕೆ ಬೀಳುತ್ತವೆ. ಫೀಸಿನ ಮಾತನ್ನು ಸದ್ಯಕ್ಕೆ ಎತ್ತಬೇಡಿ. "ಎಷ್ಟು ಅಂಕ ಬಂತು" ಎನ್ನುವ ಬದಲು "ಇವತ್ತು ಯಾರನ್ನು ನೋಡಿಕೊಂಡೆ ಮಗಳೇ, ಅವರಿಗೆ ಈಗ ಹೇಗಿದೆ" ಎಂದು ಕೇಳಿ ನೋಡಿ. ಉತ್ತರ ಹೇಳತೊಡಗಿದರೆ ಅವಳು ಅರ್ಧ ಗಂಟೆ ಮಾತನಾಡುತ್ತಾಳೆ. ಸಾಧ್ಯವಾದರೆ ಒಂದು ಭಾನುವಾರ ಹೋಗಿ ಅವಳ ಜೊತೆ ಊಟ ಮಾಡಿ ಬನ್ನಿ, ಹಾಗೆಯೇ ಕ್ಲಾಸ್ ಕೋಆರ್ಡಿನೇಟರನ್ನು ಕಂಡು ಬನ್ನಿ.

ಎರಡು ವಾರ ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡವೆಂಬಂಥ ಮಾತು ಒಂದು ಸಲ ಬಂದರೂ, ಕಾಯುತ್ತ ಕೂರಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಇದು 2022ರಲ್ಲಿ ಆರಂಭವಾಯಿತು. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಮಾರ್ಗದರ್ಶನ ಮಾಡುತ್ತದೆ. ಅವಳೂ ಕರೆ ಮಾಡಬಹುದು, ನೀವೂ ಮಾಡಬಹುದು.

ಎರಡನೇ ವರ್ಷ, ತುಮಕೂರು

ಮೇಡಂ, ರೆಕಾರ್ಡಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪೆಂದು ಒಪ್ಪುತ್ತೇನೆ, ಆದರೆ ಆ ದಾರಿ ಏಕೆ ಹಿಡಿದೆವೆಂಬುದನ್ನೂ ಹೇಳಬೇಕು. ನಮ್ಮನ್ನು ಪೋಸ್ಟಿಂಗಿಗೆ ಕಳುಹಿಸಿದ ಒಂದು ಆಸ್ಪತ್ರೆಯಲ್ಲಿ ಬೆಳಗಿನ ಅರ್ಧ ಹೊತ್ತು ಲ್ಯಾಬಿಗೆ ಸ್ಯಾಂಪಲ್ ಒಯ್ಯುವುದು, ಫೈಲು ತರುವುದು, ಸ್ಟ್ರೆಚರ್ ತಳ್ಳುವುದರಲ್ಲಿಯೇ ಕಳೆಯುತ್ತಿತ್ತು. ರೋಗಿಯ ಹತ್ತಿರ ನಿಲ್ಲಲು ಬಿಡದಿದ್ದರೆ ರೆಕಾರ್ಡಿನಲ್ಲಿ ಬರೆಯುವುದೇನನ್ನು? ಕೊನೆಗೆ ನಾವು ಆರು ಜನ ಸೇರಿ, ಯಾರ ಮೇಲೂ ದೂರು ಎನ್ನದೆ, ಒಂದು ವಾರ ಯಾವ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೋಆರ್ಡಿನೇಟರಿಗೆ ಕೊಟ್ಟೆವು. ಎರಡು ವಾರದಲ್ಲಿ ಪ್ರತಿಯೊಬ್ಬರಿಗೂ ಒಬ್ಬ ರೋಗಿಯನ್ನು ಹೆಸರು ಹಿಡಿದು ವಹಿಸುವ ಪದ್ಧತಿ ಬಂತು. ಕೆಲಸ ಮಾಡುವುದಕ್ಕೆ ನಾವು ಹಿಂಜರಿಯುವವರಲ್ಲ, ಆದರೆ ಕಲಿಯಲೆಂದು ಇಟ್ಟ 160 ಗಂಟೆಗಳು ಕಲಿಕೆಗೇ ಸಿಗಬೇಕು. ಅದನ್ನು ಕೇಳುವುದು ಉದ್ಧಟತನವಲ್ಲ.

ನಿವೃತ್ತ ಶುಶ್ರೂಷಾಧಿಕಾರಿ, ಶಿವಮೊಗ್ಗ

ತುಮಕೂರಿನ ಹುಡುಗಿ ಸರಿಯಾಗಿ ಹೇಳಿದ್ದಾಳೆ. ಎಲ್ಲರಿಗೂ ಇನ್ನೆರಡು ಮಾತು. ತಿಂಡಿ ತಿನ್ನದೆ ವಾರ್ಡಿಗೆ ಹೋಗಬೇಡಿ. ಮೊದಲ ಸಲ ಗಾಯದ ಡ್ರೆಸ್ಸಿಂಗ್ ನೋಡುವಾಗ ತಲೆ ಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಖಾಲಿ ಹೊಟ್ಟೆಯಲ್ಲಿ ಬಂದವರು. ಕಣ್ಣು ಮಂಜಾದಂತೆ ಅನ್ನಿಸಿದರೆ ಅಲ್ಲಿಯೇ ನೆಲದ ಮೇಲಾದರೂ ಕುಳಿತುಬಿಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನೂ, ಮೊದಲನೆಯದು ಹಾಕಿಸಿಕೊಂಡ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂಬಂತೆ, ತಪ್ಪದೆ ತೆಗೆದುಕೊಳ್ಳಿ. ಓದಿನ ಗಡಿಬಿಡಿಯಲ್ಲಿ ಎರಡನೆಯದನ್ನು ಮರೆಯುವವರೇ ಹೆಚ್ಚು.

ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಶಿವಮೊಗ್ಗದ ಅಮ್ಮಾ, ನನ್ನ ಸ್ಟೆತಾಸ್ಕೋಪ್ ನಿಜವಾಗಿಯೂ ಹಿಂದು ಮುಂದಾಗಿತ್ತು. ಅಂದು ರಾತ್ರಿಯೇ ರೂಮ್‌ಮೇಟ್‌ಗಳ ತೋಳು ಹಿಡಿದೆ. ಮೊದಲ ಟಕ್ ಕೇಳಿದಾಗ ನಾನು ಕೂಗಿದ್ದಕ್ಕೆ ಪಕ್ಕದ ರೂಮಿನವರು ಓಡಿ ಬಂದರು.

ಆದರೆ ಹೇಳಬೇಕಾದದ್ದು ಬೇರೆಯಿದೆ. ಕಳೆದ ಮಂಗಳವಾರ ನನಗೆ ವಹಿಸಿದ್ದ ಅಜ್ಜಿಯ ನಾಡಿ ಹಿಡಿದಾಗ ಅದು ಒಂದು ಲಯಕ್ಕೆ ಸಿಗುತ್ತಲೇ ಇರಲಿಲ್ಲ. ಎರಡು ಬಡಿತ ಒಟ್ಟಿಗೆ ಬರುತ್ತಿದ್ದವು, ನಡುವೆ ಒಂದು ತಪ್ಪಿಹೋಗುತ್ತಿತ್ತು, ಆಮೇಲೆ ಸಣ್ಣದೊಂದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನಮ್ಮೆಲ್ಲರ ರೂಢಿಯಾಗಿತ್ತು. ಆದರೆ ಲಯ ತಪ್ಪಿದ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಫೌಂಡೇಶನ್ ತರಗತಿಯಲ್ಲಿ ಹೇಳಿದ್ದು ನೆನಪಾಗಿ ಹಾಗೆಯೇ ಮಾಡಿದೆ. 84 ಬಂತು. ಖಾತ್ರಿಯಾಗದೆ ಸಿಸ್ಟರ್ ಹತ್ತಿರ ಹೋಗಿ, ನನಗೆ ತಿಳಿಯುತ್ತಿಲ್ಲ, ಒಮ್ಮೆ ಬನ್ನಿ ಎಂದೆ. ಅವರು ಬಂದು ಅಜ್ಜಿಯ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ನಾನು ಮಣಿಕಟ್ಟು ಹಿಡಿದು, ಒಂದೇ ಗಡಿಯಾರ ನೋಡಿಕೊಂಡು ಇಬ್ಬರೂ ಒಟ್ಟಿಗೆ ಎಣಿಸಿದೆವು. ಅವರಿಗೆ 102, ನನಗೆ 86. ಎದೆಯಲ್ಲಿ ಬಡಿದ ಹದಿನಾರು ಬಡಿತಗಳು ಕೈಯವರೆಗೆ ಬಂದೇ ಇರಲಿಲ್ಲ. ಇದನ್ನು ಪಲ್ಸ್ ಡೆಫಿಸಿಟ್ ಎನ್ನುತ್ತಾರೆಂದು ಸಿಸ್ಟರ್ ಹೇಳಿ, ಎರಡೂ ಅಂಕಿಗಳನ್ನು ನನ್ನ ಕೈಯಿಂದಲೇ ಚಾರ್ಟಿನಲ್ಲಿ ಬರೆಸಿ, ಡಾಕ್ಟರಿಗೆ ತಿಳಿಸಿದರು.

ಸಂಜೆ ಫಿಸಿಯಾಲಜಿ ಪುಸ್ತಕ ತೆರೆದು ಹೃದಯದ ಬಡಿತವನ್ನು ನಡೆಸುವ ಎಸ್‌ಎ ನೋಡ್, ಎವಿ ನೋಡ್‌ಗಳ ಪಾಠ ಓದಿದೆ. ಮೊದಲು ಮೂರು ಸಲ ಓದಿಯೂ ತಲೆಗೆ ಹತ್ತದಿದ್ದ ಪುಟ ಅದು. ಈ ಸಲ ಓದುವಾಗ ಬೆರಳ ತುದಿಯಲ್ಲಿ ಆ ಅಜ್ಜಿಯ ನಾಡಿಯೇ ಇತ್ತು. ಪುಸ್ತಕ ಮುಚ್ಚಿ ಚಿತ್ರ ಬರೆದಾಗ ಒಂದು ಹೆಸರು ಮಾತ್ರ ತಪ್ಪಿತು. ರೆಕಾರ್ಡು ಹತ್ತು ಗಂಟೆಗೆ ಮುಗಿಯಿತು.

ಎರಡನೆಯ ಅನಾಟಮಿ ಟೆಸ್ಟಿನಲ್ಲಿ 25ಕ್ಕೆ 14 ಬಂದಿದೆ. ಮೊದಲಿನ 9ರ ಕಾಗದವನ್ನೂ ಇದನ್ನೂ ಒಟ್ಟಿಗೆ ಫೋಟೋ ತೆಗೆದು ಅಪ್ಪನಿಗೆ ಕಳುಹಿಸಿದ್ದೇನೆ. ಚಿತ್ರದುರ್ಗದ ಅಪ್ಪಾಜಿ, ನಿಮ್ಮ ಮಗಳು ಬೆಂಗಳೂರಿನಲ್ಲಿಯೇ ಇದ್ದರೆ ದಯವಿಟ್ಟು ತಿಳಿಸಿ. ಭಾನುವಾರ ನಮ್ಮ ಹಾಸ್ಟೆಲ್ಲಿನಲ್ಲಿ ನಾವು ನಾಲ್ಕು ಜನ ಕುಳಿತು ಆ ವಾರದ ಪಾಠಗಳನ್ನು ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಅವಳೂ ಬರಲಿ.